ನಾಲ್ಕು ಸ್ಕ್ರೂ, ಮೂವತ್ತೆಂಟು ಕಿಲೋ

ನನ್ನ ಬಲಗೈಯ ನಡುಬೆರಳನ್ನು ಈಗಲೂ ಪೂರ್ತಿ ಮಡಚಲು ಆಗುವುದಿಲ್ಲ. ಕರೆಂಟು ಹೋದಾಗ ಬ್ಯಾಟರಿಯಿಂದ ಯಂತ್ರಗಳನ್ನು ಓಡಿಸುವ ಯುಪಿಎಸ್‌ನಿಂದ ಹೀಗಾಯಿತು ಎಂದರೆ ಎಲ್ಲರೂ ಶಾಕ್ ಹೊಡೆಯಿತೇ ಎಂದು ಕೇಳುತ್ತಾರೆ. ಇಲ್ಲ, ಬೆರಳು ಅದರ ಕೆಳಗೆ ಸಿಕ್ಕಿಕೊಂಡಿತು. ಕರೆಂಟಿನ ಕಥೆಯೂ ಒಂದಿದೆ, ಅದನ್ನೂ ಹೇಳುತ್ತೇನೆ.

ಸರ್ವರ್ ಕಂಪ್ಯೂಟರ್‌ಗಳನ್ನು ಒಂದರ ಮೇಲೊಂದು ಕೂರಿಸುವ ನಾಲ್ಕು ಕಂಬಗಳ ಚೌಕಟ್ಟಾದ ರ‍್ಯಾಕ್‌ಗೆ ನಾನು ಮತ್ತು ಸಹೋದ್ಯೋಗಿಯೊಬ್ಬರು 3 ಕೆವಿಎ ಸಾಮರ್ಥ್ಯದ ಯುಪಿಎಸ್ ಕೂರಿಸಲು ಹೊರಟಿದ್ದೆವು. ಎತ್ತರ ಎರಡು ಯು. ರ‍್ಯಾಕ್ ಲೆಕ್ಕದಲ್ಲಿ ಒಂದು ಯು ಎಂದರೆ 44.45 ಮಿಲಿಮೀಟರ್, ಅಂದರೆ ಇಡೀ ಯಂತ್ರ ಒಂದು ಗೇಣಿನ ಅರ್ಧವೂ ಇಲ್ಲ. ಇಷ್ಟು ತೆಳ್ಳಗಿನ ಪೆಟ್ಟಿಗೆಯನ್ನು ಕಂಡು ಯಾರಿಗೂ ಹೆದರಿಕೆ ಹುಟ್ಟುವುದಿಲ್ಲ. ನಮಗೂ ಹುಟ್ಟಲಿಲ್ಲ. ರಟ್ಟಿನ ಮೇಲೆ 38 ಕಿಲೋ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು, ಪಕ್ಕದಲ್ಲೇ ಇಬ್ಬರು ಸೇರಿ ಎತ್ತುತ್ತಿರುವ ಚಿತ್ರವೂ ಇತ್ತು. ಹೊರಗೆ ತಗಡು, ಒಳಗೆ ಸೀಸ. ಬ್ಯಾಟರಿಗಳನ್ನು ಮೊದಲು ಹೊರತೆಗೆದು, ಹಗುರಾದ ಪೆಟ್ಟಿಗೆಯನ್ನು ಕೂರಿಸಿ, ಆಮೇಲೆ ಅವನ್ನು ಒಳಗೆ ತಳ್ಳಬೇಕು ಎಂದು ಕೈಪಿಡಿಯ ಮೊದಲ ಪುಟಗಳಲ್ಲೇ ಇತ್ತು. ನಾವು ಕೈಪಿಡಿಯಲ್ಲಿ ತೆರೆದದ್ದು ನೆಟ್‌ವರ್ಕ್ ಕಾರ್ಡ್ ಹೊಂದಿಸುವ ಪುಟವನ್ನು ಮಾತ್ರ.

ರ‍್ಯಾಕ್‌ನ ತಳಭಾಗ ಖಾಲಿಯೇ ಇತ್ತು. ಆದರೂ ಎದೆಮಟ್ಟದಲ್ಲಿಡೋಣ ಎಂದು ಹಟ ಹಿಡಿದವನು ನಾನು. ಮುಂಭಾಗದ ಪುಟ್ಟ ಪರದೆಯನ್ನು ಬಗ್ಗದೆ ಓದಬಹುದಲ್ಲ ಎಂಬುದು ನನ್ನ ವಾದ! ಪೆಟ್ಟಿಗೆಯನ್ನು ಅಡಿಯಿಂದ ಹೊರಲು ಜೊತೆಗೆ ಬಂದಿದ್ದ ಲೋಹದ ಪಟ್ಟಿಗಳು, ಅಂದರೆ ರೈಲುಗಳು, ಹಿಂದಿನ ಕಂಬಗಳವರೆಗೆ ಮುಟ್ಟಲಿಲ್ಲ. ಉದ್ದ ಸರಿಹೊಂದಿಸುವ ಸ್ಕ್ರೂ ಅದರಲ್ಲೇ ಇತ್ತೆಂದು ಆಮೇಲೆ ಗೊತ್ತಾಯಿತು. ಅವತ್ತು ಮಾತ್ರ ರೈಲುಗಳನ್ನು ಮೂಲೆಗೆ ಒರಗಿಸಿ, ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಎತ್ತಿ, ಮುಂಭಾಗದ ಎರಡು ಬದಿಗೆ ಚಾಚಿರುವ ತಗಡಿನ ಕಿವಿಗಳಿಗೆ ನಾಲ್ಕು ಸ್ಕ್ರೂ ಬಿಗಿದು ಕೈ ಒರೆಸಿಕೊಂಡೆವು.

ಆ ಕಿವಿಗಳಿರುವುದು ಪೆಟ್ಟಿಗೆ ಮುಂದಕ್ಕೆ ಜಾರಿ ಬರದಂತೆ ಹಿಡಿಯಲು, ಭಾರ ಹೊರಲು ಅಲ್ಲ. ನೆಟ್‌ವರ್ಕ್ ಸ್ವಿಚ್ಚಿನಂತಹ ಹಗುರ ಸಾಮಾನು ಕಿವಿಯ ಮೇಲೆಯೇ ನಿಂತೀತು. ಎರಡು ಅಡಿ ಉದ್ದದ ಯುಪಿಎಸ್ ಹಿಂಬದಿಗೆ ಆಸರೆಯಿಲ್ಲದೆ ನಿಂತರೆ ಅದರ ಭಾರವೆಲ್ಲ ಸನ್ನೆಗೋಲಿನಂತೆ ಆ ನಾಲ್ಕು ಸ್ಕ್ರೂಗಳನ್ನು ಮೀಟುತ್ತಿರುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಕಿವಿಗಳ ತಗಡು ಡೊಂಕಾಗಿ, ಹಿಂಭಾಗ ಕೆಳಗಿನ ಸರ್ವರ್‌ನ ಮುಚ್ಚಳದ ಮೇಲೆ ಕುಳಿತಿತ್ತು.

ಅದನ್ನು ನೆಟ್ಟಗೆ ಮಾಡೋಣ ಎಂದು ಒಂದು ಕೈಯನ್ನು ಅಡಿಗೆ ಕೊಟ್ಟು ಇನ್ನೊಂದು ಕೈಯಿಂದ ಸ್ಕ್ರೂ ಸಡಿಲಿಸಿದೆ. ಮೂರನೆಯ ಸ್ಕ್ರೂ ಬಿಚ್ಚುತ್ತಿದ್ದಂತೆ ಮುಂಭಾಗ ದೊಪ್ಪನೆ ಇಳಿಯಿತು. ಯುಪಿಎಸ್‌ಗೂ ಸರ್ವರ್‌ಗೂ ನಡುವೆ ಇದ್ದ ಜಾಗ ಒಂದೇ ಯು. ಬೆರಳು ಅಲ್ಲಿತ್ತು. ನನ್ನ ಕೂಗು ಕೇಳಿ ಸಹೋದ್ಯೋಗಿ ಪೆಟ್ಟಿಗೆಯನ್ನು ತಮ್ಮತ್ತ ಎಳೆದರು. ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ಪೆಟ್ಟಿಗೆ ಅರ್ಧ ಹೊರಬಂದದ್ದೇ ತಡ, ಇಡೀ ರ‍್ಯಾಕ್ ನಮ್ಮ ಕಡೆಗೆ ವಾಲತೊಡಗಿತು. ಬುಡ ಹಗುರ, ಎದೆ ಭಾರ. ಉರುಳದಂತೆ ತಡೆಯುವ ಕಾಲುಗಳು ಇನ್ನೂ ಪ್ಲಾಸ್ಟಿಕ್ ಚೀಲ ಬಿಚ್ಚದೆ ಕಿಟಕಿಯ ಮೇಲೆ ಬಿದ್ದಿದ್ದವು. ಅವರು ಭುಜ ಕೊಟ್ಟು ತಡೆದರು. ಪಕ್ಕದ ಕೋಣೆಯಿಂದ ಇಬ್ಬರು ಓಡಿ ಬರುವವರೆಗೂ "ಅಲುಗಾಡಬೇಡಿ, ಅಲುಗಾಡಬೇಡಿ" ಎಂದಷ್ಟೇ ಹೇಳುತ್ತಿದ್ದರು.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಮರುದಿನ ನಾನು ಬ್ಯಾಂಡೇಜು ಕಟ್ಟಿದ ಕೈಯಲ್ಲಿ ನೋಡುತ್ತ ನಿಂತಿದ್ದೆ, ಅವರು ಒಳಗೆ ಏನಾದರೂ ಒಡೆದಿದೆಯೇ ಎಂದು ಪರೀಕ್ಷಿಸಲು ಕುಳಿತರು. ಗೋಡೆಯ ಪ್ಲಗ್ ಕಿತ್ತಿದ್ದೆವಾದ್ದರಿಂದ ಯುಪಿಎಸ್ ಸತ್ತಿದೆ ಎಂದುಕೊಂಡಿದ್ದೆವು. ಪ್ಲಗ್ ಕಿತ್ತಾಗ ಕೆಲಸ ಮಾಡುವುದಕ್ಕೆಂದೇ ಇರುವ ಯಂತ್ರ ಅದು! ಗುಂಡಿ ಒತ್ತಿ ಆರಿಸುವವರೆಗೂ ಹಿಂದಿನ ಸಾಕೆಟ್‌ಗಳಲ್ಲಿ 230 ವೋಲ್ಟ್ ಹಾಗೆಯೇ ಇತ್ತು. ಆರಿಸಿದ ಮೇಲೂ ಬ್ಯಾಟರಿಗಳನ್ನು ಆರಿಸಲು ಯಾವ ಗುಂಡಿಯೂ ಇಲ್ಲ. 12 ವೋಲ್ಟಿನ ಆರು ಬ್ಯಾಟರಿಗಳು ಸಾಲಾಗಿ ಸೇರಿ 72 ವೋಲ್ಟ್. ಬ್ಯಾಟರಿಗಳಿರುವ ತಟ್ಟೆಯ ಮುಚ್ಚಳ ತೆಗೆದಾಗ ಅವರ ಸ್ಕ್ರೂಡ್ರೈವರ್ ಬ್ಯಾಟರಿಯ ಒಂದು ತುದಿಯಿಂದ ಇನ್ನೊಂದಕ್ಕೆ ತಾಗಿತು. ಫಟ್ ಎಂಬ ಸದ್ದು, ನೀಲಿ ಬೆಳಕು, ಸುಟ್ಟ ವಾಸನೆ. ಸ್ಕ್ರೂಡ್ರೈವರ್‌ನ ಮೊನೆಯಲ್ಲಿ ಅಕ್ಕಿಕಾಳಿನಷ್ಟು ಉಕ್ಕು ಮಾಯವಾಗಿತ್ತು. ಸೀಸದ ಬ್ಯಾಟರಿ ಚಿಕ್ಕದಾದರೂ ಎರಡು ತುದಿ ಸೇರಿದ ಕ್ಷಣದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಅವರ ಬೆರಳಿನಲ್ಲಿದ್ದ ಉಂಗುರ ಅಲ್ಲಿ ತಾಗಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಉಂಗುರ, ಗಡಿಯಾರ, ಬಳೆ ಎಲ್ಲವನ್ನೂ ಕಳಚಿಟ್ಟು, ಹಿಡಿಯಿಂದ ಮೊನೆಯ ಹತ್ತಿರದವರೆಗೂ ಪ್ಲಾಸ್ಟಿಕ್ ಹೊದಿಕೆ ಇರುವ ಉಪಕರಣ ಹಿಡಿದು ಮಾಡಬೇಕಾದ ಕೆಲಸ ಅದು. ತಟ್ಟೆಯ ಮುಚ್ಚಳವನ್ನು ನಾವು ತೆರೆಯಲೇಬೇಕಾಗಿರಲಿಲ್ಲ ಎಂಬುದು ಬೇರೆ ಮಾತು. ಬಿದ್ದ ಬ್ಯಾಟರಿಯನ್ನು ಮತ್ತೆ ಬಳಸದೆ ಮರುಬಳಕೆಗೆ ಕಳಿಸುವುದೇ ಸರಿ.

ಪ್ಲಗ್ ಬಗ್ಗೆ ಇನ್ನೊಂದು ಮಾತು. ಯುಪಿಎಸ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಹಲವರು ಗೋಡೆಯಿಂದ ಪ್ಲಗ್ ಕೀಳುತ್ತಾರೆ. ಆಗ ಕರೆಂಟಿನ ಜೊತೆ ಅರ್ತಿಂಗ್ ಕೂಡ ಕಿತ್ತುಹೋಗುತ್ತದೆ, ಸರ್ವರ್‌ಗಳು ಮಾತ್ರ ಓಡುತ್ತಲೇ ಇರುತ್ತವೆ. ಆ ಲೈನಿನ ಬ್ರೇಕರ್ ಇಳಿಸಿ ನೋಡಿ, ಅಥವಾ ಯಂತ್ರದಲ್ಲೇ ಇರುವ ಪರೀಕ್ಷೆಯ ಗುಂಡಿ ಒತ್ತಿ.

ಎರಡನೆಯ ಸಲ ಬಂದ ಹೊಸ ಯುಪಿಎಸ್ ರ‍್ಯಾಕ್‌ನ ತಳದಲ್ಲಿ ಕೂತಿದೆ. ಮೊದಲು ಉರುಳದಂತೆ ತಡೆಯುವ ಕಾಲು, ಆಮೇಲೆ ನಾಲ್ಕೂ ಕಂಬಗಳಿಗೆ ಬಿಗಿದ ರೈಲು, ನಂತರ ಬ್ಯಾಟರಿಯಿಲ್ಲದ ಪೆಟ್ಟಿಗೆ, ಕೊನೆಗೆ ಬ್ಯಾಟರಿ. ಬಿಸಿಗಾಳಿ ಮೇಲೇರುವುದರಿಂದ ತಳ ತಂಪಾಗಿರುತ್ತದೆ, ಅದೂ ಒಂದು ಲಾಭ: 25 ಡಿಗ್ರಿಯ ಮೇಲೆ ಸುಮಾರು 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. 3 ಕೆವಿಎಗೆ 230 ವೋಲ್ಟಿನಲ್ಲಿ 13 ಆಂಪಿಯರ್ ಬೇಕು, ಹಾಗಾಗಿ ಎಕ್ಸ್‌ಟೆನ್ಶನ್ ಬಾಕ್ಸ್ ಬಿಟ್ಟು ಎಲೆಕ್ಟ್ರಿಷಿಯನ್ ಅವರಿಂದ ಪ್ರತ್ಯೇಕ ಲೈನ್ ಎಳೆಸಿದೆವು. ಈ ಸಲ ಮೂವರು ಹಿಡಿದಿದ್ದೆವು, ಯಾರೂ ಅವಸರ ಮಾಡಲಿಲ್ಲ.

ಅಂದಹಾಗೆ, ನಾವು ಅಷ್ಟು ಶ್ರದ್ಧೆಯಿಂದ ಕೈಪಿಡಿ ಓದಿ ಹೊಂದಿಸಿದ್ದ ನೆಟ್‌ವರ್ಕ್ ಕಾರ್ಡ್, ಪರದೆಯ ಮೇಲಿನ ಅಂಕಿಗಳನ್ನೆಲ್ಲ ನನ್ನ ಮೇಜಿನ ಕಂಪ್ಯೂಟರಿಗೇ ಕಳಿಸುತ್ತದೆ. ಯುಪಿಎಸ್‌ನ ಪರದೆ ನೋಡಲು ನಾನು ಇದುವರೆಗೆ ಒಮ್ಮೆಯೂ ಆ ಕೋಣೆಗೆ ಹೋಗಬೇಕಾಗಿ ಬಂದಿಲ್ಲ.