ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಚಿಕ್ಕಮಗಳೂರಿಗೆ ವಾರಾಂತ್ಯದ ರೈಲು: ಹಳೆಯ ಪ್ರಯಾಣಿಕನೊಬ್ಬನ ವಿಮರ್ಶೆ

ಬೆಂಗಳೂರು ಮತ್ತು ಹಾಸನದ ನಡುವೆ ಕುಣಿಗಲ್, ಶ್ರವಣಬೆಳಗೊಳದ ಮೂಲಕ ನೇರ ರೈಲು ಮಾರ್ಗ ಸಂಚಾರಕ್ಕೆ ತೆರೆದುಕೊಂಡದ್ದು 2017ರ ಮಾರ್ಚ್‌ನಲ್ಲಿ. ತೊಂಬತ್ತರ ದಶಕದಲ್ಲಿ ಮಂಜೂರಾಗಿ ಎರಡು ದಶಕ ಎಳೆದಾಡಿದ ಈ ಮಾರ್ಗ ಬರುವ ಮುಂಚೆ ಹಾಸನದವರು ರೈಲಿನಲ್ಲಿ ರಾಜಧಾನಿಗೆ ಹೋಗಬೇಕೆಂದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರಬೇಕಿತ್ತು. ಹಾಗಾಗಿ ಬಹುಪಾಲು ಜನ ಬಸ್ಸನ್ನೇ ನೆಚ್ಚಿಕೊಂಡಿದ್ದರು. ಹುಟ್ಟೂರು ಹಾಸನವಾಗಿ, ದುಡಿಮೆ ಬೆಂಗಳೂರಿನಲ್ಲಾಗಿರುವ ನಾನು ಮಾರ್ಗ ಆರಂಭವಾದಾಗಿನಿಂದ ಇದನ್ನು ಬಳಸುತ್ತಿದ್ದೇನೆ. ಒಮ್ಮೊಮ್ಮೆ ಮನೆಗೆ ಹೋಗಲು, ಬಹಳ ಸಲ ನಗರದ ಸ್ನೇಹಿತರನ್ನು ಬೇಲೂರು, ಹಳೇಬೀಡು, ಸಕಲೇಶಪುರ, ಚಿಕ್ಕಮಗಳೂರುಗಳಿಗೆ ಕರೆದೊಯ್ಯಲು. ಇಷ್ಟು ವರ್ಷಗಳ ಬಳಕೆಯಿಂದ ನನಗೆ ಖಚಿತವಾಗಿರುವುದೆಂದರೆ, ಈ ರೈಲುಗಳು ಓಡುವುದು ಪ್ರವಾಸಿಗನ ಗಡಿಯಾರಕ್ಕಲ್ಲ, ಹಾಸನದವನ ಗಡಿಯಾರಕ್ಕೆ. ಅದನ್ನು ಒಪ್ಪಿಕೊಂಡು ಹೊರಟವರಿಗೆ ಇದಕ್ಕಿಂತ ಹಿತವಾದ ಪ್ರಯಾಣ ಬೇರೊಂದಿಲ್ಲ. ಒಪ್ಪದವರು ಕೊನೆಯ ನಲವತ್ತು ಕಿಲೋಮೀಟರಿನಲ್ಲಿ ಬೇಸತ್ತು ಹೋಗುತ್ತಾರೆ.

ಯಶವಂತಪುರ–ಹಾಸನ ಇಂಟರ್‌ಸಿಟಿಯ ವೇಳಾಪಟ್ಟಿಯನ್ನೇ ನೋಡಿ. ಬೆಳಿಗ್ಗೆ ಆರೂವರೆಯ ಆಸುಪಾಸಿನಲ್ಲಿ ಹಾಸನ ಬಿಟ್ಟು ಕಚೇರಿ ತೆರೆಯುವ ಹೊತ್ತಿಗೆ ಯಶವಂತಪುರ ತಲುಪುವ ಗಾಡಿ, ಸಂಜೆ ಆರರ ನಂತರ ಅಲ್ಲಿಂದ ಹೊರಟು ರಾತ್ರಿ ಊಟದ ಹೊತ್ತಿಗೆ ಮತ್ತೆ ಹಾಸನದಲ್ಲಿರುತ್ತದೆ. ವಿಧಾನಸೌಧದಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮುಗಿಸಿಕೊಂಡು ಅದೇ ದಿನ ಮನೆ ಸೇರಬೇಕಾದವರಿಗೆ ಹೇಳಿ ಮಾಡಿಸಿದ ಸಮಯವಿದು. ಶನಿವಾರ ಬೆಳಿಗ್ಗೆ ಎದ್ದು ಊರು ನೋಡಲು ಹೊರಡುವವನಿಗೆ ಈ ಗಾಡಿ ಏನೇನೂ ಒದಗುವುದಿಲ್ಲ. ಆದರೆ ಶುಕ್ರವಾರ ಸಂಜೆಯೇ ಹೊರಟು ಹಾಸನದಲ್ಲಿ ತಂಗುವುದಾದರೆ ಲೆಕ್ಕಾಚಾರ ಪೂರ್ತಿ ಬದಲಾಗುತ್ತದೆ. ಶುಕ್ರವಾರ ಸಂಜೆ ಕಾರಿನಲ್ಲಿ ನೆಲಮಂಗಲ ದಾಟುವುದಕ್ಕೆ ಎಷ್ಟು ಹೊತ್ತು ಬೇಕೆಂಬುದು ಬೆಂಗಳೂರಿನವರಿಗೆ ಹೇಳಿ ತಿಳಿಯಬೇಕಾದದ್ದಲ್ಲ. ಕಾರಿನವರು ಇನ್ನೂ ಅಲ್ಲಿನ ದಟ್ಟಣೆಯಲ್ಲಿ ತೆವಳುತ್ತಿರುವಾಗ ಈ ಗಾಡಿ ಕುಣಿಗಲ್ ಕಡೆಗೆ ಸಾಗಿರುತ್ತದೆ, ಮೂರು ಗಂಟೆಯೊಳಗೆ ಹಾಸನ ಮುಟ್ಟಿಸುತ್ತದೆ. ಸಮಯಪಾಲನೆಯ ಬಗ್ಗೆ ನನ್ನ ಅನುಭವ ಒಟ್ಟಾರೆ ಒಳ್ಳೆಯದೇ. ಏಕಪಥದ ಮಾರ್ಗವಾದ್ದರಿಂದ ಎದುರು ಗಾಡಿಗೆ ದಾರಿ ಬಿಡಲು ಸಣ್ಣ ನಿಲ್ದಾಣಗಳಲ್ಲಿ ಕಾಯುವುದು ಮಾತ್ರ ತಪ್ಪಿದ್ದಲ್ಲ.

ಗಾಡಿ ಹೊರಡುವುದು ಮೆಜೆಸ್ಟಿಕ್‌ನಿಂದಲ್ಲ, ಯಶವಂತಪುರದಿಂದ ಎಂಬುದು ಮೊದಲು ದೊಡ್ಡ ತಲೆನೋವಾಗಿತ್ತು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ಮೇಲೆ ಪೂರ್ವ ಬೆಂಗಳೂರಿನವರೂ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ನೆಮ್ಮದಿಯಾಗಿ ಯಶವಂತಪುರಕ್ಕೆ ಬರಬಹುದಾಗಿದೆ. ಜನರಲ್ ಬೋಗಿಗಳಲ್ಲಿ ಶುಕ್ರವಾರ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಮುಂಗಡ ಟಿಕೆಟ್ ಮಾಡಿಸಿಕೊಳ್ಳುವುದೇ ಸರಿ, ಅದರ ಮಾತು ಮುಂದೆ ಬರುತ್ತದೆ.

ಹಾಸನದಲ್ಲಿ ಇಳಿದ ನಂತರವೇ ನಿಜವಾದ ಪರೀಕ್ಷೆ. ಬೇಲೂರು ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್, ಹಳೇಬೀಡು ಮೂವತ್ತರಷ್ಟು, ಆ ಎರಡರ ನಡುವೆ ಹದಿನಾರು. ಈ ಎರಡು ಊರುಗಳಲ್ಲಿ ಯಾವುದಕ್ಕೂ ರೈಲಿಲ್ಲ. ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಬೇಲೂರಿನ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳು ಶನಿವಾರ, ಭಾನುವಾರ ತುಂಬಿ ತುಳುಕುತ್ತವೆ, ಅದರಲ್ಲೂ ಬೆಳಿಗ್ಗೆ ಒಂಬತ್ತರ ನಂತರ. ಮನೆಯ ಹೆಂಗಸರೆಲ್ಲ ಖರ್ಚಿಲ್ಲದೆ ಹಳೇಬೀಡು ನೋಡಿಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನಾದ್ದರಿಂದ ದೂರುವ ಮನಸ್ಸಿಲ್ಲ; ಏಳು ಗಂಟೆಗೇ ಬಸ್ ನಿಲ್ದಾಣದಲ್ಲಿದ್ದರೆ ಎಲ್ಲರಿಗೂ ಸೀಟು ಸಿಗುತ್ತದೆ. ಬಾಡಿಗೆ ಕಾರಿನವರು ಸಾಮಾನ್ಯವಾಗಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ಸೇರಿಸಿ ದರ ಹೇಳುತ್ತಾರೆ. ಆ ಒಪ್ಪಂದಕ್ಕೆ ಹೋಗಬೇಡಿ ಎಂಬುದು ನನ್ನ ಖಡಾಖಂಡಿತ ಸಲಹೆ. ಒಮ್ಮೆ ಹಾಗೆ ಹೋದಾಗ ಹಳೇಬೀಡಿನಲ್ಲಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಚಾಲಕ ಗಡಿಯಾರ ನೋಡಲಾರಂಭಿಸಿದ್ದ.

ಹಳೇಬೀಡನ್ನು ಮುಕ್ಕಾಲು ಗಂಟೆಯಲ್ಲಿ ನೋಡಲಾಗದು ಎನ್ನುವುದಕ್ಕೆ ಕಾರಣವಿದೆ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ ಮಹಾಭಾರತಗಳ ಪಟ್ಟಿಕೆ, ಎಲ್ಲಕ್ಕಿಂತ ಮೇಲೆ ಆಳೆತ್ತರದ ದೇವತಾ ವಿಗ್ರಹಗಳು ಎಂಬ ಕ್ರಮವಿದ್ದು, ಒಂದೊಂದು ಸಾಲನ್ನೂ ಹಿಡಿದು ನಡೆದರೆ ಮಾತ್ರ ಕಥೆ ಬಿಚ್ಚಿಕೊಳ್ಳುತ್ತದೆ. ದೇವಾಲಯ ಪೂರ್ವಾಭಿಮುಖ, ಅತ್ಯಂತ ಸೊಗಸಾದ ಕೆತ್ತನೆ ಇರುವ ಹಿಂಬದಿಯ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಬೆಳಿಗ್ಗೆ ಬೇಲೂರು ಮುಗಿಸಿ, ಊಟದ ನಂತರ ಹಳೇಬೀಡಿಗೆ ಬರುವುದು ಒಳ್ಳೆಯದು. ಅಲ್ಲಿಂದ ನಡೆದೇ ಹೋಗಬಹುದಾದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ, ಎದುರು ನಿಂತರೆ ಮುಖ ಮೂಡುವಷ್ಟು ನುಣುಪಾಗಿ ಕಡೆದ ಕಂಬಗಳಿವೆ. ಅವಸರದ ಪ್ರವಾಸಿಗರು ಬಿಟ್ಟುಹೋಗುವುದು ಅದನ್ನೇ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಮದನಿಕೆಯರನ್ನು ನೋಡಲು ಎಲ್ಲರೂ ಕತ್ತೆತ್ತುತ್ತಾರೆ, ಆದರೆ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಹಳಗನ್ನಡದಲ್ಲಿ ಕೆತ್ತಿಕೊಂಡಿರುವುದನ್ನು ಗಮನಿಸುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಅಲ್ಲಿವೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ರಜಾದಿನಗಳಲ್ಲಿ ಜನ ಸ್ಪಷ್ಟವಾಗಿ ಹೆಚ್ಚಿದ್ದಾರೆ.

ಶ್ರವಣಬೆಳಗೊಳಕ್ಕೆ ಅದರದೇ ನಿಲ್ದಾಣವಿದೆ, ಆಟೋ ಹಿಡಿದು ಊರು ಸೇರಬೇಕು. ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನನ್ನು ಕಾಣಲು ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕಾದ್ದರಿಂದ, ಬಂಡೆ ಕಾಯುವ ಮುನ್ನ ಅಲ್ಲಿರಬೇಕು ಎಂಬುದೊಂದೇ ಸೂಚನೆ. ಬೆಳಿಗ್ಗೆ ಏಳರ ಹೊತ್ತಿಗೆ ಯಶವಂತಪುರ ಬಿಡುವ ಕರಾವಳಿಯ ಹಗಲು ಗಾಡಿಯಲ್ಲಿ ಬಂದರೆ ತಲುಪುವಷ್ಟರಲ್ಲಿ ಬಿಸಿಲೇರಿರುತ್ತದೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಹಿಂದಿನ ರಾತ್ರಿ ತಂಗಿದವರಿಗೆ ಈ ಕಷ್ಟವಿಲ್ಲ.

ಆ ಹಗಲು ಗಾಡಿಯ ನಿಜವಾದ ಬೆಲೆ ಇರುವುದು ಸಕಲೇಶಪುರದ ಆಚೆಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1ರಂತೆ. ಅಂದರೆ ಪ್ರತಿ ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುತ್ತ ಹೋಗುವ ಹಳಿ. ಅಷ್ಟು ದೂರಕ್ಕೆ ಗಾಡಿ ಎರಡು ಗಂಟೆಗೂ ಮಿಕ್ಕಿ ಸಮಯ ತೆಗೆದುಕೊಳ್ಳುತ್ತದೆ, ನೋಡುವವರಿಗೆ ಅದೇ ಲಾಭ. 1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ಣಗೊಂಡ ಈ ಹಳಿ ಬ್ರಾಡ್ ಗೇಜ್ ಆಗಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. 2021ರ ಜುಲೈನಲ್ಲಿ ಗಾಜಿನ ಚಾವಣಿಯ, ತಿರುಗುವ ಆಸನಗಳ ವಿಸ್ಟಾಡೋಮ್ ಬೋಗಿಗಳನ್ನು ಈ ಮಾರ್ಗದ ಹಗಲು ಗಾಡಿಗಳಿಗೆ ಜೋಡಿಸಿದರು. ಬೋಗಿ ಚೆನ್ನಾಗಿದೆ, ದರವೂ ಸಾಮಾನ್ಯ ಸೀಟಿಗೆ ಹೋಲಿಸಿದರೆ ಹಲವು ಪಟ್ಟು. ಆದರೆ ಸಕಲೇಶಪುರದಲ್ಲಿ ಇಳಿಯುವವರು ಈ ಟಿಕೆಟ್ ಕೊಳ್ಳುವುದು ಶುದ್ಧ ದಂಡ, ಏಕೆಂದರೆ ಘಾಟಿ ಶುರುವಾಗುವುದೇ ಅವರು ಇಳಿದ ಮೇಲೆ. ಅಲ್ಲಿಯವರೆಗೆ ಗಾಜಿನ ಚಾವಣಿಯಿಂದ ಕಾಣುವುದು ತೆಂಗಿನ ತೋಟ ಮತ್ತು ಆಕಾಶ. ಅವರಿಗೆ ಸೆಕೆಂಡ್ ಸಿಟ್ಟಿಂಗ್ ಸೀಟು ಧಾರಾಳ ಸಾಕು, ಕಿಟಕಿಯಿಂದ ಗಾಳಿಯೂ ಬರುತ್ತದೆ. ಘಾಟಿಯನ್ನೇ ನೋಡಬೇಕೆಂದಿದ್ದರೆ ಸುಬ್ರಹ್ಮಣ್ಯ ರೋಡ್‌ವರೆಗೆ ಹೋಗಿ, ಕುಕ್ಕೆಯಲ್ಲಿ ದೇವರ ದರ್ಶನ ಮಾಡಿ ಅಲ್ಲೇ ತಂಗಿ, ಮರುದಿನ ಮಂಗಳೂರು ಕಡೆಯಿಂದ ಬರುವ ಹಗಲು ಗಾಡಿಯಲ್ಲಿ ಹತ್ತಿಕೊಂಡು ಬನ್ನಿ. ಹಳಿಯ ಮೇಲೆ ನಡೆಯುವ ಚಾರಣದ ಆಸೆ ಮಾತ್ರ ಬೇಡ. ಅದು ಅಪಾಯಕಾರಿ, ನಿಷಿದ್ಧವೂ ಹೌದು.

ಘಾಟಿ ಅತಿ ಸುಂದರವಾಗಿರುವ ತಿಂಗಳುಗಳೇ ಅತಿ ನೆಚ್ಚಲಾಗದ ತಿಂಗಳುಗಳು. 2018ರ ಆಗಸ್ಟ್‌ನ ಮಳೆಗೆ ಗುಡ್ಡಗಳು ಜರಿದು ಮಾರ್ಗ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮತ್ತೆ ಕುಸಿಯಿತು. 2025ರ ಜೂನ್‌ನಿಂದ ಹಲವು ತಿಂಗಳು ಘಾಟಿಯ ವಿದ್ಯುದೀಕರಣದ ಕಾಮಗಾರಿಗಾಗಿ ಹಗಲು ಗಾಡಿಗಳೇ ಇರಲಿಲ್ಲ. ಆದ್ದರಿಂದ ಜುಲೈ, ಆಗಸ್ಟ್‌ಗೆ ಟಿಕೆಟ್ ಮಾಡಿಸುವವರು ಹೊರಡುವ ಹಿಂದಿನ ದಿನ ಗಾಡಿ ಓಡುತ್ತಿದೆಯೇ ಎಂದು ವಿಚಾರಿಸಿಯೇ ಚೀಲ ಕಟ್ಟಬೇಕು. ನಾನಾದರೆ ಅಕ್ಟೋಬರ್ ಕೊನೆಯನ್ನು ಆರಿಸಿಕೊಳ್ಳುತ್ತೇನೆ: ತೊರೆಗಳಲ್ಲಿ ನೀರು ಇನ್ನೂ ಇರುತ್ತದೆ, ಮಂಜರಾಬಾದ್ ಕೋಟೆಯ ಮೆಟ್ಟಿಲುಗಳೂ ಜಾರುವುದಿಲ್ಲ. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಆ ಕೋಟೆ ಸಕಲೇಶಪುರ ಪೇಟೆಯಿಂದ ಆರೇಳು ಕಿಲೋಮೀಟರ್, ಮಂಗಳೂರು ರಸ್ತೆಯಲ್ಲೇ ಇದೆ.

ಚಿಕ್ಕಮಗಳೂರಿನ ವಿಷಯ ಬೇರೆ. ಕಡೂರಿನಿಂದ 46 ಕಿಲೋಮೀಟರಿನ ಕವಲು ಮಾರ್ಗ 2013ರ ನವೆಂಬರ್‌ನಲ್ಲಿ ಬಂದಾಗ ಊರವರ ಸಂಭ್ರಮ ಹೇಳತೀರದಾಗಿತ್ತು, ಆದರೆ ಆ ಹಳಿಯ ಮೇಲೆ ಓಡುವ ಗಾಡಿಗಳು ಬೆರಳೆಣಿಕೆಯವು. ವಾರಾಂತ್ಯದ ಪ್ರವಾಸಕ್ಕೆ ಅವುಗಳ ಹೊತ್ತು ಹೊಂದುವುದು ಅಪರೂಪ. ಸಖರಾಯಪಟ್ಟಣದ ಬಳಿ ಬೆಟ್ಟಗಳ ಸಾಲು ಹತ್ತಿರವಾಗುತ್ತ ಬರುವ ನೋಟಕ್ಕಾಗಿ ಒಮ್ಮೆ ಹೋಗಬಹುದು, ಅಷ್ಟೆ. ಉಳಿದಂತೆ ಬೆಂಗಳೂರು–ಅರಸೀಕೆರೆ–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿ ಬೆಳಗಿನಿಂದಲೇ ಗಾಡಿಗಳಿರುವುದರಿಂದ ಕಡೂರಿನಲ್ಲಿ ಇಳಿದು ಬಸ್ಸು ಹಿಡಿಯುವುದೇ ಜಾಣತನ. ಸುಮಾರು ಒಂದು ಗಂಟೆಯ ದಾರಿ, ಬಸ್ಸುಗಳಿಗೆ ಕೊರತೆಯಿಲ್ಲ. ಟಿಕೆಟ್ ಮಾಡಿಸುವ ಮುನ್ನ ಗಾಡಿ ಕಡೂರಿನಲ್ಲಿ ನಿಲ್ಲುತ್ತದೆಯೋ ಬೀರೂರಿನಲ್ಲೋ ನೋಡಿಕೊಳ್ಳಿ, ಧಾರವಾಡದ ವಂದೇ ಭಾರತ್ ಎರಡರಲ್ಲೂ ನಿಲ್ಲುವುದಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೇಗೂ ಬಾಡಿಗೆ ಜೀಪು ಬೇಕು. ಹಾಗಾಗಿ ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ರೈಲಿನಲ್ಲಿ ಉಳಿಸಿದ ಹಣ ಅಲ್ಲಿಗೇ ಖರ್ಚಾಗುತ್ತದೆ. ಹಾಸನದ ಸೇವೆಗೆ ಐದಕ್ಕೆ ನಾಲ್ಕು ಅಂಕ ಕೊಡುವ ನಾನು ಚಿಕ್ಕಮಗಳೂರಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಬೇಲೂರಿನ ಮೂಲಕ ಚಿಕ್ಕಮಗಳೂರು ಮತ್ತು ಹಾಸನವನ್ನು ಜೋಡಿಸುವ ಹಳಿಯ ಕೆಲಸ ನಡೆಯುತ್ತಿದೆ. ಅದು ಮುಗಿದ ದಿನ ಈ ಅಂಕಗಳನ್ನು ಮತ್ತೆ ಹಾಕಬೇಕಾಗುತ್ತದೆ.

ಟಿಕೆಟಿನ ಮಾತು. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ, ಇದರಿಂದ ನಮ್ಮಂಥ ವಾರಾಂತ್ಯದವರಿಗೆ ಅನುಕೂಲವೇ ಆಗಿದೆ. ಹಬ್ಬಕ್ಕೆ ಹೊಂದಿಕೊಂಡ ಶುಕ್ರವಾರಗಳಿಗೆ ಅರವತ್ತನೇ ದಿನವೇ ಮಾಡಿಸಬೇಕು, ಉಳಿದವಕ್ಕೆ ಎರಡು ಮೂರು ವಾರ ಮುಂಚೆ ಸಾಕು. ಹೋಗುವ ಟಿಕೆಟಿಗಿಂತ ಬರುವ ಟಿಕೆಟನ್ನು ಮೊದಲು ಮಾಡಿಸಿ. ಹಾಸನ ನಿಲ್ದಾಣದ ಹೊರಗೆ ಆಟೋದವರೊಬ್ಬರು ನನ್ನ ಜೊತೆಗಿದ್ದವರನ್ನು ಕೇಳಿದ ಪ್ರಶ್ನೆ ಇದೇ: "ಶುಕ್ರವಾರದ ಗಾಡೀಲಿ ಬಂದ್ಬಿಟ್ರಲ್ಲ ಸಾರ್, ಭಾನುವಾರ ಯಾವ್ ಗಾಡೀಲಿ ಹೋಗ್ತೀರ?" ಭಾನುವಾರ ಸಂಜೆ ಕರಾವಳಿ ಕಡೆಯಿಂದ ಬರುವ ಗಾಡಿಗಳು ಹಾಸನಕ್ಕೆ ಬರುವಾಗಲೇ ತುಂಬಿರುತ್ತವೆ, ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಕಾಯ್ದಿರಿಸಿದ ಬೋಗಿ ಹತ್ತುವಂತಿಲ್ಲ. ಸೋಮವಾರ ಕಚೇರಿಗೆ ಸ್ವಲ್ಪ ತಡವಾಗಿ ಹೋದರೂ ನಡೆಯುವವರು ಭಾನುವಾರ ರಾತ್ರಿಯೂ ಹಾಸನದಲ್ಲೇ ಉಳಿದು, ಸೋಮವಾರ ಬೆಳಗಿನ ಇಂಟರ್‌ಸಿಟಿಗೆ ಸೀಟು ಕಾಯ್ದಿರಿಸಿಕೊಳ್ಳಲಿ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಹೆಚ್ಚಾಗುತ್ತದೆ, ಆದರೆ ಭಾನುವಾರ ಇಡೀ ದಿನ ಕೈಯಲ್ಲಿ ಉಳಿಯುತ್ತದೆ.