ಹೇಮಾ ಜೋಳ, ಕಂಪನಿ ಜೋಳ: ದುದ್ದದ ಹೊಲದಲ್ಲಿ ಎರಡು ಮುಂಗಾರು

ಮೊದಲ ವರ್ಷವೇ ಹೊಲಕ್ಕೆಲ್ಲ ಹೇಮಾ ಬಿತ್ತಿದ್ದರೆ ಈ ಹೋಲಿಕೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಸನ ತಾಲ್ಲೂಕಿನ ದುದ್ದ ಹೋಬಳಿಯಲ್ಲಿ ನಮ್ಮದು ಮೂರು ಎಕರೆ ಕೆಂಪು ಮಣ್ಣಿನ ಹೊಲ. ಅಂಗಮಾರಿ ರೋಗದ ಕಾಟಕ್ಕೆ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಅಂದರೆ ಮೆಕ್ಕೆಜೋಳಕ್ಕೆ, ಬಂದ ಮೇಲೆ ಖಾಸಗಿ ಕಂಪನಿಯೊಂದರ ಸಂಕರಣ (ಹೈಬ್ರಿಡ್) ತಳಿಯನ್ನೇ ಹಾಕುತ್ತಿದ್ದೆ. ಎರಡು ವರ್ಷಗಳ ಹಿಂದೆ ಎರಡು ಎಕರೆಗೆ ಅದನ್ನು, ಉಳಿದ ಒಂದು ಎಕರೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೇಮಾ, ಅಂದರೆ ಎನ್‌ಎಎಚ್-1137 ತಳಿಯನ್ನು, ಒಂದೇ ಹದಕ್ಕೆ ಬಿತ್ತಿದೆ.

ಮೂರು ವಾರ ಕಳೆಯುವಷ್ಟರಲ್ಲಿ ಕಂಪನಿ ಜೋಳದ ಸುಳಿ ಬೆಳ್ಳಗಾಗತೊಡಗಿತು. ಸತುವಿನ ಕೊರತೆಯಿರಬೇಕೆಂದು ಬೀಜ ಮಾರಿದವರು ಹೇಳಿದರು. ನಾನೂ ನಂಬಿ ಜಿಂಕ್ ಸಲ್ಫೇಟ್ ಸಿಂಪಡಿಸಿ ಒಂದು ವಾರ ಕಳೆದುಕೊಂಡೆ. ಒಂದು ದಿನ ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಎಲೆ ಮಗುಚಿ ನೋಡಿದಾಗ ಅಡಿಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿಯ ಬೂಷ್ಟು ಕಂಡಿತು. ಅದು ಕೇದಿಗೆ ರೋಗ. ಕೇದಿಗೆ ಗರಿಯಂತೆ ಬಿಳಿಚಿ ನೆಟ್ಟಗೆ ನಿಂತ ಆ ಎಲೆಗಳನ್ನು ಕಂಡವರಿಗೆ ಹೆಸರಿನ ಅರ್ಥ ಹೇಳಬೇಕಾಗಿಲ್ಲ.

ಈ ರೋಗದ ಬೀಜಕಣಗಳು ಮಣ್ಣಿನಲ್ಲಿಯೂ ಉಳಿಯುತ್ತವೆ, ತಂಪಾದ ತೇವದ ರಾತ್ರಿಗಳಲ್ಲಿ ಗಾಳಿಯಲ್ಲಿಯೂ ಹರಡುತ್ತವೆ. ಅಂಥ ರಾತ್ರಿಗಳಿಗೆ ಜೂನ್ ತಿಂಗಳ ಹಾಸನದಲ್ಲಿ ಬರವಿಲ್ಲ. ಬೀಜಕ್ಕೆ ಹಚ್ಚಿದ ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕ ಮೊದಲ ಕೆಲವು ವಾರ ಮಾತ್ರ ಕಾಯುತ್ತದೆ, ಸುಳಿಗೇ ರೋಗ ಇಳಿದ ಗಿಡ ತೆನೆ ಕಟ್ಟುವುದಿಲ್ಲ. ಎರಡು ಎಕರೆಯಲ್ಲಿ ಮೂರರಲ್ಲೊಂದು ಪಾಲು ಗಿಡ ಕಿತ್ತು ಸುಟ್ಟೆವು. ಅಂಗಡಿಯವರಿಂದ ಬಂದದ್ದು ಒಂದೇ ಉತ್ತರ: ‘ಈ ಸಲ ಮಳೆ ಜಾಸ್ತಿಯಾಯ್ತು ಗೌಡ್ರೇ.’ ಬದುವಿನ ಆಚೆಯ ಹೇಮಾಕ್ಕೂ ಅದೇ ಮಳೆ ಬಿದ್ದಿತ್ತು. ಅಲ್ಲಿ ನಾನು ಕಿತ್ತದ್ದು ಬೆರಳೆಣಿಕೆಯ ಗಿಡ.

ಕಾರಣ ಹುಡುಕುತ್ತ ಹೋದಾಗ ನನಗೆ ತಿಳಿದದ್ದು ತಳಿಗಿಂತ ಅದರ ಪರೀಕ್ಷೆಯ ಕಥೆ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1957ರಲ್ಲಿ ಆರಂಭವಾದ ಅಖಿಲ ಭಾರತ ಸಂಯೋಜಿತ ಮೆಕ್ಕೆಜೋಳ ಯೋಜನೆಯು ಒಂದೇ ತಳಿಯನ್ನು ಹಲವು ರಾಜ್ಯಗಳ ಮಣ್ಣಿನಲ್ಲಿ ಬೆಳೆದು ನೋಡುವ ಕ್ರಮವನ್ನು ರೂಢಿಗೆ ತಂದಿತು. 1961ರಲ್ಲಿ ಗಂಗಾ-1, ಡೆಕ್ಕನ್ ಮೊದಲಾದ ಸಂಕರಣಗಳು ಹೊರಬಂದದ್ದು ಆ ದಾರಿಯಲ್ಲಿ. ಕೇದಿಗೆ ರೋಗದ ವಿಷಯದಲ್ಲಿ ಕೊಡುಕೊಳ್ಳುವಿಕೆ ಇನ್ನೂ ದೂರ ಹೋಗಿದೆ. ಫಿಲಿಪ್ಪೀನ್ಸಿನ ರೋಗನಿರೋಧಕ ಜೋಳವನ್ನು ಥಾಯ್ಲೆಂಡಿನವರು ತಮ್ಮ ಜೋಳದೊಂದಿಗೆ ಕೂಡಿಸಿ 1975ರಲ್ಲಿ ಸುವಾನ್-1 ತಳಿಯನ್ನು ಬಿಡುಗಡೆ ಮಾಡಿದರು; ಅದು ಮುಂದೆ ಹಲವು ದೇಶಗಳ ತಳಿ ಅಭಿವೃದ್ಧಿಗೆ ತಾಯಿಬೇರಾಯಿತು. ನಮ್ಮ ಮೈಸೂರಿನ ಬಳಿಯ ನಾಗನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿಗಳನ್ನು ಒರೆಗೆ ಹಚ್ಚುತ್ತಿದ್ದದ್ದು ರೋಗದ ನಡುವೆಯೇ. ಹೇಮಾ ಗೆದ್ದು ಬಂದದ್ದು ಅಲ್ಲಿಂದ. ಮೆಕ್ಸಿಕೊದಲ್ಲಿ ಕೇಂದ್ರ ಕಚೇರಿಯುಳ್ಳ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರದ, ಅಂದರೆ ಸಿಮ್ಮಿಟ್ ಸಂಸ್ಥೆಯ, ಸಂಕರಣಕ್ಕೆ ಬಳಸುವ ಶುದ್ಧ ತಳಿಗಳು ಸರ್ಕಾರಿ ವಿಜ್ಞಾನಿಗಳಿಗೂ ಖಾಸಗಿ ಕಂಪನಿಗಳಿಗೂ ಸಿಗುತ್ತವೆ. ಹಾಗಾಗಿ ಬೀಜದ ಮೂಲ ಯಾವ ದೇಶದ್ದು ಎಂದು ಕೇಳುವ ಬದಲು ಅದನ್ನು ಯಾವ ಹೊಲದಲ್ಲಿ ಪರೀಕ್ಷಿಸಿದರು ಎಂದು ಕೇಳಲು ಕಲಿತಿದ್ದೇನೆ.

ರಾಯಚೂರು ಕೃಷಿ ವಿಶ್ವವಿದ್ಯಾಲಯವು ಸಿಮ್ಮಿಟ್ ಜೊತೆಗೂಡಿ ರೂಪಿಸಿದ ಬಿಸಿಲು ತಾಳುವ ಸಂಕರಣದ ಬಗ್ಗೆಯೂ ಕೇಳಿದ್ದೇನೆ. ಕಲಬುರಗಿಯ ಕಡೆ ಹೊಲವಿದ್ದಿದ್ದರೆ ಅದನ್ನೇ ಆರಿಸುತ್ತಿದ್ದೆ.

ಕಂಪನಿ ಜೋಳಕ್ಕೆ ಸಲ್ಲಬೇಕಾದದ್ದು ಸಲ್ಲಲಿ: ರೋಗ ಬಾರದ ವರ್ಷ ಅದು ನಮ್ಮಲ್ಲಿ ಎಕರೆಗೆ ಇಪ್ಪತ್ತಾರು ಕ್ವಿಂಟಾಲ್ ಕೊಟ್ಟಿತ್ತು, ಹೇಮಾ ಎರಡು ವರ್ಷವೂ ಇಪ್ಪತ್ತೆರಡು ದಾಟಲಿಲ್ಲ. ಕೊಯ್ಲಿಗೂ ಕಂಪನಿ ಜೋಳವೇ ಬೇಗ ಬರುವುದರಿಂದ ಹಿಂದೆಯೇ ಹುರುಳಿ ಚೆಲ್ಲುವವರಿಗೆ ಅನುಕೂಲ. ಕಾಳಿನ ಬಣ್ಣದಲ್ಲಿ ವರ್ತಕರು ಭೇದವೆಣಿಸಲಿಲ್ಲ. ಸೈನಿಕ ಹುಳು ಎರಡಕ್ಕೂ ಒಂದೇ ರೀತಿ ಬಿತ್ತು.

ಆದರೆ ನಾನು ಹುರುಳಿ ಹಾಕುವವನಲ್ಲ. ಮನೆಯಲ್ಲಿ ನಾಲ್ಕು ಕರೆಯುವ ಹಸುಗಳಿವೆ, ತೆನೆ ಮುರಿಯುವಾಗಲೂ ಹೇಮಾದ ದಂಟು ಹಸಿರಾಗಿತ್ತು, ಹಸುಗಳು ಬುಡದವರೆಗೆ ತಿಂದವು. ವಾರಕ್ಕೊಮ್ಮೆ ಔಷಧಿ ಡಬ್ಬ ಹೊರುವ ಶಕ್ತಿಯೂ ಐವತ್ತೆಂಟರ ಈ ಬೆನ್ನಿಗಿಲ್ಲ. ಬೀಜದ ಖರ್ಚು ಅರ್ಧಕ್ಕಿಂತ ಕಡಿಮೆಯಾದದ್ದನ್ನೂ ಲೆಕ್ಕಕ್ಕೆ ಹಿಡಿದರೆ, ಹೆಚ್ಚುವರಿ ನಾಲ್ಕು ಕ್ವಿಂಟಾಲಿನ ಆಸೆಗೆ ನಾನು ಮತ್ತೆ ಬೀಳಲಾರೆ.

ಹೇಮಾ ಬೀಜ ನಮ್ಮೂರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಈ ಸಲ ಏಪ್ರಿಲ್‌ನಲ್ಲಿಯೇ ಮಂಡ್ಯದಲ್ಲಿರುವ ಅದೇ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ ಮೂರು ಎಕರೆಗೆ ಸಾಲುವಷ್ಟು ತಂದು ಅಟ್ಟದ ಮೇಲೆ ಇಟ್ಟಿದ್ದೇನೆ.