ಮೋಟರ್ ಪುಲ್ಲಿಯ ಕೀ ನಿಮ್ಮ ಕಣ್ಣೆದುರೇ ಅಳೆಸಿ, ನನ್ನ ಹಾಗೆ ಮೋಸ ಹೋಗಬೇಡಿ

ಮೋಟರ್ ಪುಲ್ಲಿ (ಬೆಲ್ಟ್ ಓಡುವ ಚಕ್ರ) ಬಿಚ್ಚಿಸಿ ಹಾಕಿಸುವವರು ದಯವಿಟ್ಟು ಓದಿ. ಕೀ ಅಂದರೆ ಬೀಗದ ಕೀ ಅಲ್ಲ, ಮೋಟರಿನ ತಿರುಗುವ ದಂಡ ಅಂದರೆ ಶಾಫ್ಟಿನ ಜೊತೆಗೇ ಪುಲ್ಲಿಯೂ ತಿರುಗಲಿ ಅಂತ ಎರಡರ ನಡುವೆ ಕೂರಿಸುವ ಕಬ್ಬಿಣದ ತುಂಡು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ನಾಚಿಕೆಯೂ ಆಗುತ್ತಿದೆ, ಯಾಕೆಂದರೆ ಇದೆಲ್ಲ ನಡೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ.

5 ಎಚ್‌ಪಿ ಮೋಟರ್, 28 ಮಿ.ಮೀ. ಶಾಫ್ಟ್. ಬೇರಿಂಗ್ ಬದಲಾಯಿಸಲು ಕೊಟ್ಟೆ. ಪುಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗ್ರಬ್ ಸ್ಕ್ರೂ (ಪುಲ್ಲಿಯ ಮೇಲಿಂದ ಕೀಯನ್ನು ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ) ಬಿಚ್ಚಿ, ಎಣ್ಣೆ ಬಿಟ್ಟು, ಪುಲ್ಲರ್ (ಪುಲ್ಲಿಯನ್ನು ಹಿಡಿದು ಹೊರಗೆಳೆಯುವ ಸಾಧನ) ಹಾಕಿ ಎಳೆಯಬೇಕು ಅಲ್ವಾ? ಮೆಕ್ಯಾನಿಕ್ ಸುತ್ತಿಗೆ ತಗೊಂಡ. "ಪುಲ್ಲರ್ ಇಲ್ವಾ?" ಅಂದೆ. "ನಮಗೆ ಬಿಡಿ ಸಾರ್" ಅಂದ. ಬಿಟ್ಟೆ. ಕೀಯನ್ನು ಉಳಿಯಲ್ಲಿ ಎಬ್ಬಿಸಿ ಹಾಳು ಮಾಡಿದ. "ಹೊಸದು ಹಾಕ್ತೀನಿ" ಅಂದ.

ಹೊಸ ಬೇರಿಂಗ್ ಹಾಕಿದ ಮೇಲೂ ಪುಲ್ಲಿಯನ್ನು ಬಡಿದೇ ಕೂರಿಸಿದ. ಆ ಏಟು ನೇರ ಬೇರಿಂಗಿಗೆ ಹೋಗುತ್ತದೆ. ಶಾಫ್ಟ್ ತುದಿಯಲ್ಲಿ ಥ್ರೆಡ್ ಇರುವ ತೂತು ಇತ್ತು, ಬೋಲ್ಟ್ ಮತ್ತು ವಾಶರ್ ಹಾಕಿ ಎಳೆದು ಕೂರಿಸಬಹುದಿತ್ತು.

ಆಮೇಲೆ ಪುಲ್ಲಿ ಹಿಡಿದು ಅಲ್ಲಾಡಿಸಿದ. "ನೋಡಿ ಸಾರ್, ಅಲ್ಲಾಡುತ್ತಾ?" ನಾನೂ ಹಿಡಿದು ನೋಡಿದೆ. ಅಲ್ಲಾಡಲಿಲ್ಲ. ಚೆನ್ನಾಗಿ ಮಾಡಿದ್ದೀಯಪ್ಪ ಅಂತ ಹೇಳಿ ದುಡ್ಡು ಕೊಟ್ಟೆ. ಆ ಮಾತು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ವಾರ ಮೋಟರ್ ಶುರು ಮಾಡಿದಾಗಲೆಲ್ಲ 'ಟಕ್' ಅನ್ನತೊಡಗಿತು. ಫೋನ್ ಮಾಡಿದೆ. "ಬೆಲ್ಟ್ ಸದ್ದು, ಬಿಗಿ ಮಾಡಿ." ಮಾಡಿದೆ. ಸದ್ದು ಜಾಸ್ತಿ ಆಯಿತು. ಮತ್ತೆ ಫೋನ್ ಮಾಡಿದೆ. "ನೀವು ಜಾಸ್ತಿ ಬಿಗಿ ಮಾಡಿದ್ದೀರಿ." ಒಂದು ದಿನ ಮೋಟರ್ ಓಡುತ್ತಿದೆ, ಪುಲ್ಲಿ ನಿಂತಿದೆ!

ಲೇತ್‌ನವರ ಹತ್ತಿರ ಒಯ್ದೆ. ಶಾಫ್ಟಿನ ಕೀವೇ, ಅಂದರೆ ಕೀ ಕೂರುವ ಗಾಡಿ, 8 ಮಿ.ಮೀ. ಅಗಲ, ಒಳಗಿದ್ದ ಕೀ 7 ಮಿ.ಮೀ. ಅಗಲ. ಸಂದಿಗೆ ತಗಡಿನ ಚೂರು ಮಡಚಿ ತುರುಕಿದ್ದ. ಮೇಲಿಂದ ಗ್ರಬ್ ಸ್ಕ್ರೂ ಒತ್ತಿ ಹಿಡಿದಿತ್ತು, ಅದಕ್ಕೇ ಅವತ್ತು ಅಲ್ಲಾಡಲಿಲ್ಲ. ತಿರುಗುವ ಭಾರ ಹೊರುವುದು ಕೀಯ ಎರಡು ಪಕ್ಕಗಳು. ತಗಡು ಸವೆದ ಮೇಲೆ ಪ್ರತಿ ಸಲ ಶುರುವಾದಾಗ ಕೀ ಗೋಡೆಗೆ ಬಡಿದಿದೆ. ಕೀವೇ ಬಾಯಿ ಅಗಲವಾಗಿ, ಕೊನೆಗೆ ಕೀ ತುಂಡಾಗಿದೆ. ನಾನು ಬೆಲ್ಟ್ ಬಿಗಿ ಮಾಡುತ್ತಾ ಕೂತಿದ್ದೆ.

ಫೋಟೋ ಕಳಿಸಿದೆ. "ನಿಮ್ಮ ಕೀವೇ ಮೊದಲೇ ಸವೆದಿತ್ತು, ಅದಕ್ಕೇ ತಗಡು ಹಾಕಿದೆ" ಅಂದ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ? "ಎಲ್ಲರೂ ಹಾಕ್ತಾರೆ ಸಾರ್." ತಗಡು ಹಾಕಿದ್ದು ಗೊತ್ತಿದ್ದೂ ಎರಡು ಸಲ ಬೆಲ್ಟ್ ಕಡೆ ಕೈ ತೋರಿಸಿದ! ಈಗ ಫೋನ್ ಎತ್ತುತ್ತಿಲ್ಲ.

28 ಮಿ.ಮೀ. ಶಾಫ್ಟಿಗೆ ಕೀ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. ಪಕ್ಕಗಳು ಬಿಗಿಯಾಗಿರಬೇಕು, ಮೇಲೆ ಮಾತ್ರ ಕೂದಲೆಳೆಯಷ್ಟು ಸಂದಿ. ಪುಲ್ಲಿ ಹಾಕುವ ಮೊದಲು ಕೀಯನ್ನು ಶಾಫ್ಟಿನಲ್ಲಿ ಕೂರಿಸಿ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಪುಲ್ಲಿ ಅಲ್ಲಾಡಿಸುವುದಾದರೆ ಗ್ರಬ್ ಸ್ಕ್ರೂ ಬಿಗಿ ಮಾಡುವ ಮೊದಲೇ ಅಲ್ಲಾಡಿಸಿ. ತಗಡು ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ. ಹಳೇ ಕೀ ಕೇಳಿ ಇಟ್ಟುಕೊಳ್ಳಿ. ನಾನು ಕೇಳಿದಾಗ "ಅದ್ಯಾಕೆ ಸಾರ್ ನಿಮಗೆ?" ಅಂದಿದ್ದ. ಅವತ್ತೇ ಅದನ್ನು ಇಸಿದುಕೊಂಡು ಕೀವೇಯಲ್ಲಿ ಕೂರಿಸಿ ನೋಡಿದ್ದರೆ, ಕೀವೇ ಮೊದಲೇ ಸವೆದಿತ್ತಾ ಅಂತ ಅವನ ಮುಂದೆಯೇ ಗೊತ್ತಾಗುತ್ತಿತ್ತು.